ಅಂಗೈಯ ಕಡೆಗೆ ಹೊರಟ ನರ

ಯುಗಾದಿಯ ಹಿಂದಿನ ದಿನ ಕೇಶ್ವಾಪುರದ ಚನ್ನಬಸವ್ವ ಕಿಟಕಿ ಒರೆಸಲು ಹೋಗಿ ಗಾಜು ಒಡೆದು ಎಡಗೈ ಕೊಯ್ದುಕೊಂಡಳು. ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನರವೇ ಕತ್ತರಿಸಿಹೋಗಿತ್ತು. ಡಾಕ್ಟರು ಹೊಲಿದರು, ಗಾಯ ಮಾಯಿತು, ಅಂಗೈ ಮಾತ್ರ ಬೇರೆಯವರದಾಗಿ ಹೋಯಿತು.

ರೊಟ್ಟಿ ಹಂಚು ತಾಗಿ ಬೊಬ್ಬೆ ಎದ್ದರೂ ತಿಳಿಯುತ್ತಿರಲಿಲ್ಲ. ಅದನ್ನಾದರೂ ಸಹಿಸಿಯಾಳು. ಚಿಕ್ಕಂದಿನಿಂದ ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಯ ಕೊನೆಗೆ ಕಣ್ಣು ಮುಚ್ಚಿ ಕೂತ ಹೆಂಗಸು. ಈಗ ಕಣ್ಣು ಮುಚ್ಚಿದರೆ ಲಿಂಗ ಇದೆಯೋ ಜಾರಿತೋ ಗೊತ್ತಾಗದು. ಬಿದ್ದರೆ ಗತಿಯೇನು? ರೆಪ್ಪೆ ಬಡಿಯದೆ ಕಾವಲು ಕಾದಂತಾಗುತ್ತಿತ್ತೇ ಹೊರತು ಪೂಜೆಯಾಗುತ್ತಿರಲಿಲ್ಲ.

ಗಂಡ ಫಕೀರಪ್ಪ ಮೂವತ್ತು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ಹೆಂಡತಿಯ ಕೈ ಹಿಡಿದವನಲ್ಲ. ಅಂಥವನು ಒಂದು ಬೆಳಿಗ್ಗೆ ಎದುರು ಬಂದು ಕೂತು, ಲಿಂಗ ಜಾರಿದರೆ ಹಿಡಿಯಲೆಂದು ಆಕೆಯ ಕೈ ಕೆಳಗೆ ತನ್ನ ಕೈ ಒಡ್ಡಿದ. ಅಂದಿನಿಂದ ದಿನವೂ ಹಾಗೇ ನಡೆಯಿತು. ಕೈಯ ಹಿಂಬದಿಯ ನರ ಬೇರೆ, ಅದು ನೆಟ್ಟಗಿತ್ತು. ಹೀಗಾಗಿ ಕೆಳಗಿನ ಗಂಡನ ಕೈ ಬೆಚ್ಚಗೆ ತಿಳಿಯುತ್ತಿತ್ತು, ಮೇಲಿನ ಲಿಂಗ ತಿಳಿಯುತ್ತಿರಲಿಲ್ಲ.

ನರದ ತುದಿ ದಿನಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ, ಅದೂ ದಾರಿ ಸಿಕ್ಕರೆ ಎಂದು ನರ ಹೊಲಿದ ಡಾಕ್ಟರ್ ಐಶ್ವರ್ಯಾ ಹೇಳಿದ್ದರು. ನರದ ಸುತ್ತ ಸಕ್ಕರೆಯ ಕಣಗಳ ಸಣ್ಣ ಸರಪಳಿಗಳಿವೆಯಂತೆ. ಕೆಲವು ಆ ತುದಿಯನ್ನು ಮುಂದಕ್ಕೆ ಕರೆಯುತ್ತವೆ, ಗಾಯದ ಕಲೆಯಲ್ಲಿ ಸೇರಿಕೊಂಡ ಕೆಲವು ತಡೆಯುತ್ತವೆ. ಬೆನ್ನುಹುರಿಯಲ್ಲಾದರೆ ಆ ತಡೆ ದಾಟುವುದು ಬಲು ಕಷ್ಟ, ಕೈಯಲ್ಲಿ ಆಸೆಯಿದೆ. ಇಷ್ಟು ಕೇಳಿದ್ದೇ ತಡ, ಚನ್ನಬಸವ್ವ ತಡೆಯುವ ಸಕ್ಕರೆ ಬೇಡವೇ ಬೇಡವೆಂದು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟಳು. ಅದು ಮೈಯೇ ಕಟ್ಟಿಕೊಳ್ಳುವ ಸಕ್ಕರೆ, ಚಹಾದ್ದಲ್ಲ ಎಂದು ಡಾಕ್ಟರು ನಕ್ಕರೂ ಕೇಳಲಿಲ್ಲ. ಫಕೀರಪ್ಪನೂ ಸುಮ್ಮನೆ ಸಪ್ಪೆ ಚಹಾ ಕುಡಿಯತೊಡಗಿದ.

ಸೋಮವಾರಕ್ಕೊಮ್ಮೆ ಅವನು ಕಲೆಯಿಂದ ಕೆಳಕ್ಕೆ ಬೆರಳಿನಿಂದ ತಟ್ಟುತ್ತ ಬರುತ್ತಿದ್ದ. ಜುಮ್ಮೆಂದಲ್ಲಿಗೆ ನರ ಬಂದಿದೆ ಎಂದು ಲೆಕ್ಕ. ಅಲ್ಲೊಂದು ಪೆನ್ನಿನ ಗುರುತು. ಕಾರಹುಣ್ಣಿಮೆಗೆ ಮಣಿಕಟ್ಟು, ಪಂಚಮಿಗೆ ಅಂಗೈಯ ಬುಡ. ಅಲ್ಲಿಂದ ಮುಂದೆ ಆಕೆಗೆ ಒಂದೊಂದು ವಾರವೂ ಒಂದೊಂದು ಯುಗ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ಲಿಂಗದ ಕೆಳಗೆ ಇರುವೆ ಕಚ್ಚಿದಂತಾಯಿತು. ಆಕೆ ಧೈರ್ಯ ಮಾಡಿ ಕಣ್ಣು ಮುಚ್ಚಿದಳು. ಭಾರವಿತ್ತು, ತಂಪೂ ಇತ್ತು.

“ಕೈ ತಗೀರಿ,” ಎಂದಳು.

“ತಿಳೀತೇನ?”

“ಹೂಂನ್ರಿ. ತಿಳಿಯಾಕತ್ತೇತಿ.”

ಅವನು ಕೈ ತೆಗೆದ. ಆರು ತಿಂಗಳು ಹಂಬಲಿಸಿದ್ದು ಅಂಗೈಗೆ ಬಂದಿತ್ತು, ಕಣ್ಣು ತುಂಬಿದವು. ಆದರೆ ಕೈಯ ಹಿಂಬದಿಗೆ ತಣ್ಣನೆ ಗಾಳಿ ತಾಗಿ, ಜೀವಕ್ಕೆ ಕಸಿವಿಸಿಯಾಯಿತು.

ಪೂಜೆ ಮುಗಿಸಿ ಬಂದರೆ ಫಕೀರಪ್ಪ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ತೆರೆದು, ಅವಳ ಚಹಾಕ್ಕೆ ಚಮಚ ಎತ್ತಿದ್ದ. ಆಕೆ ಲೋಟದ ಮೇಲೆ ಕೈ ಅಡ್ಡ ಇಟ್ಟಳು.

“ಈಗ ಬ್ಯಾಡ್ರಿ. ಇನ್ನೂ ಪೂರಾ ಬಂದಿಲ್ಲ,” ಎಂದಳು, ಅವನ ಮುಖ ನೋಡದೆ. “ನಾಳೆನೂ ಬಂದು ಕೈ ಹಿಡೀರಿ.”