ನನ್ನ ಮನೆಯಲ್ಲಿ ಇಲ್ಲದ ಟಿ.ವಿ.

ಆ ಭಾನುವಾರ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದೇನೆಯೇ ಎಂಬ ಬಗ್ಗೆ ನನಗೇ ಅನುಮಾನವಿದೆ. ಸಂಗೀತ ಮೊದಲು ಕೇಳಿಸಿತೋ, ಆ ಹೆಸರು ಮೊದಲು ಕಾಣಿಸಿತೋ ಎಂದು ಯಾರಾದರೂ ಒತ್ತಾಯ ಮಾಡಿದರೆ ಪ್ರಮಾಣ ಮಾಡಿ ಹೇಳಲಾರೆ. ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ, ದೆವ್ವ ಕಂಡೆ ಎಂದು ಬಂದ ಹುಡುಗರನ್ನು "ಎಷ್ಟು ಗಂಟೆಗಪ್ಪ? ಬೆಳಕಿತ್ತಾ? ಊಟ ಆಗಿತ್ತಾ?" ಎಂದು ಕೇಳಿ, ನಗಿಸಿ ಕಳಿಸುತ್ತಿದ್ದೆ. ಅದೇ ಪ್ರಶ್ನೆಗಳನ್ನು ನನಗೂ ಹಾಕಿಕೊಂಡಿದ್ದೇನೆ. ಸಂಜೆ ನಾಲ್ಕು ಗಂಟೆ, ಒಳ್ಳೆಯ ಬೆಳಕಿತ್ತು, ಊಟವೂ ಆಗಿತ್ತು.

ನಾನು ಮದುವೆಯಾಗಲಿಲ್ಲ. ಚಾಮರಾಜಪೇಟೆಯ ಒಂದು ಹಳೆಯ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ನನ್ನ ಬಾಗಿಲು ತಟ್ಟುತ್ತಿದ್ದವನು ನಾಗರಾಜನೊಬ್ಬನೇ. ನಮ್ಮ ರಸ್ತೆಯ ತಿರುವಿನಲ್ಲಿ ಅವನಿಗೊಂದು ರೇಡಿಯೊ ರಿಪೇರಿ ಅಂಗಡಿಯಿತ್ತು, ಮನೆ ಮಾವಳ್ಳಿಯಲ್ಲಿ. ಹತ್ತನೇ ತರಗತಿ ದಾಟಿದವನಲ್ಲ. ಆದರೆ ಕೆಟ್ಟ ಸೆಟ್ ತಂದಿಟ್ಟರೆ ಮೀಟರ್ ಹಚ್ಚುವ ಮೊದಲು ಕಿವಿಯಿಟ್ಟು ಕೇಳಿ, ಯಾವ ಭಾಗ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಆ ಕಿವಿಯೇ ಅವನಿಗೆ ಅನ್ನ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಭಾನುವಾರ ನಾಲ್ಕಕ್ಕೆ ಬರುತ್ತಿದ್ದ. ಇಬ್ಬರೂ ಒಂದು ಗಂಟೆ ಸಂಗೀತ ಕೇಳುತ್ತಿದ್ದೆವು. ಮಾತು ಕಡಿಮೆ. ಐದಕ್ಕೆ ಕಾಫಿ ಕುಡಿದು ಹೊರಟುಬಿಡುತ್ತಿದ್ದ.

ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಕ್ಯಾಸೆಟ್, ಸಿ.ಡಿ.ಗಳನ್ನೆಲ್ಲ ಒಂದು ಹಳೆಯ ಕಂಪ್ಯೂಟರಿಗೆ ತುಂಬಿ ಮುಗಿಸಿದೆವು. ಅದಕ್ಕೆ ಮ್ಯೂಸಿಕ್ ಸರ್ವರ್ ಎಂದು ದೊಡ್ಡ ಹೆಸರು. ಪರದೆಯಿಲ್ಲ, ಕೀಬೋರ್ಡಿಲ್ಲ, ಬೀರುವಿನೊಳಗೆ ಕುಳಿತು ಲ್ಯಾಪ್‌ಟಾಪಿನಿಂದ ಹೇಳಿದ್ದನ್ನು ನುಡಿಸುತ್ತಿತ್ತು. ಅದರಿಂದ ಆಪ್ಟಿಕಲ್ ಕೇಬಲ್ ಎಳೆದು ಸ್ಪೀಕರುಗಳನ್ನು ನುಡಿಸುವ ಹೊಸ ಎ.ವಿ. ರಿಸೀವರಿಗೆ ಜೋಡಿಸಿದ್ದೆ. ನಾಗರಾಜನಿಗೆ ಅದು ಸಾಲದು. "ಎಚ್‌ಡಿಎಂಐ ಹಾಕು ಮೇಷ್ಟ್ರೇ. ಸೌಂಡು ಬಿಚ್ಕೊಳತ್ತೆ" ಎನ್ನುತ್ತಿದ್ದ. ತೊಂದರೆಯೆಂದರೆ, ಚಿತ್ರ, ಶಬ್ದ ಎರಡನ್ನೂ ಒಯ್ಯುವ ಈ ಎಚ್‌ಡಿಎಂಐ ಹಾಕಿದರೆ ಎರಡು ಯಂತ್ರಗಳು ಮೊದಲು ಪರಿಚಯ ಮಾಡಿಕೊಳ್ಳಬೇಕು. ರಿಸೀವರಿನ ಆಚೆ ಒಂದು ಟಿ.ವಿ. ಇದ್ದು, ಅದು ತನ್ನ ಹೆಸರು, ನಂಬರು ಹೇಳಿದರೇನೇ ನನ್ನ ಕಂಪ್ಯೂಟರು ಶಬ್ದ ಕಳಿಸುತ್ತಿತ್ತು. ನೋಡುವವರಿಲ್ಲದಿದ್ದರೆ ಹಾಡುವುದೂ ಇಲ್ಲ ಎಂಬ ಹಟ ಅದಕ್ಕೆ. ನನ್ನ ಮನೆಯಲ್ಲಿ ಟಿ.ವಿ. ಇರಲಿಲ್ಲ.

ಒಂದು ಭಾನುವಾರ ನಾಗರಾಜ ತನ್ನ ಟಿ.ವಿ.ಯನ್ನೇ ಹಾಸುಬಟ್ಟೆಯಲ್ಲಿ ಸುತ್ತಿಕೊಂಡು ಆಟೊದಲ್ಲಿ ತಂದ. ಅಂದು ನನ್ನ ಇಬ್ಬರು ಸಹೋದ್ಯೋಗಿಗಳೂ ಬಂದಿದ್ದರು. ಒಂದೇ ಹಾಡನ್ನು ಎರಡು ಕೇಬಲ್‌ಗಳಲ್ಲಿ ಹಾಕುತ್ತೇನೆ, ಯಾವುದು ಯಾವುದೆಂದು ಹೇಳು ಎಂದು ನಾಗರಾಜನ ಕಣ್ಣಿಗೆ ಟವೆಲ್ ಕಟ್ಟಿದೆ. ಐದು ಸಲ ಹಾಕಿದೆ. ಐದು ಸಲವೂ ಅವನು ತಲೆಯಾಡಿಸುತ್ತ, ಇದರಲ್ಲಿ ಮೃದಂಗ ಮುಂದೆ ಬಂತು, ಅದರಲ್ಲಿ ತಂಬೂರಿ ಹಿಂದೆ ಹೋಯ್ತು ಎಂದು ವಿವರಿಸಿದ. ಕೊನೆಗೆ ಟವೆಲ್ ಬಿಚ್ಚಿ, ನಾನು ಕೇಬಲ್ ಬದಲಾಯಿಸಿಯೇ ಇರಲಿಲ್ಲ ಎಂದು ಹೇಳಿದೆ. ಸಹೋದ್ಯೋಗಿಗಳು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. "ರಿಪೇರಿ ಅಂಗಡಿ ಬೋರ್ಡು ಇಳಿಸ್ಬಿಡು ಗುರು" ಎಂದೂ ಅಂದೆ.

ಅವನು ನಗಲಿಲ್ಲ. ಟಿ.ವಿ.ಗೆ ಬಟ್ಟೆ ಸುತ್ತುತ್ತ, "ನೀನು ಕೇಬಲ್ ಪರೀಕ್ಷೆ ಮಾಡ್ಲಿಲ್ಲ ಕಣೋ, ನನ್ನ ಪರೀಕ್ಷೆ ಮಾಡ್ದೆ" ಎಂದ. ಬೀದಿಯವರೆಗೆ ಟಿ.ವಿ. ಹಿಡಿಯಲು ಹೋದರೆ ಕೈ ಹಾಕಗೊಡಲಿಲ್ಲ. ತಾನು ತಂದಿದ್ದ ಎಚ್‌ಡಿಎಂಐ ಕೇಬಲ್ ಮರೆತು ಹೋದ. ಮತ್ತೆ ಬರಲಿಲ್ಲ.

ಕ್ಷಮೆ ಕೇಳಬೇಕು ಎಂದು ಮರುದಿನವೇ ಅನ್ನಿಸಿತ್ತು. ಆದರೆ ತತ್ವತಃ ನನ್ನದೇ ಸರಿ ಎಂಬ ಭಂಡತನ ಬಿಡಲಿಲ್ಲ. ಅಂಗಡಿ ಮುಂದೆ ಹೋಗುವಾಗ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ. ಎಂಟು ತಿಂಗಳು ಹೀಗೇ ಕಳೆದವು. ಭಾನುವಾರ ಐದಕ್ಕೆ ಕಾಫಿಗೆಂದು ಮರೆತು ಎರಡು ಲೋಟ ತೆಗೆದು, ಒಂದನ್ನು ಒಳಗಿಡುತ್ತಿದ್ದೆ. ಕೊನೆಯ ಒಂದು ತಿಂಗಳು ಅಂಗಡಿಯ ಷಟರ್ ಇಳಿದೇ ಇತ್ತು. ಎಲ್ಲೋ ಊರಿಗೆ ಹೋಗಿರಬೇಕು ಎಂದುಕೊಂಡೆ. ಪಕ್ಕದ ಅಂಗಡಿಯವನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಇನ್ನು ಆ ಭಾನುವಾರ. ಬೀರುವಿನ ಹಿಂದೆ ಇಲಿ ಆಪ್ಟಿಕಲ್ ಕೇಬಲನ್ನು ಕಡಿದುಹಾಕಿತ್ತು. ಅಂಗಡಿಗಳು ಮುಚ್ಚಿದ್ದವು. ಮನೆಯಲ್ಲಿದ್ದದ್ದು ನಾಗರಾಜನ ಕೇಬಲೊಂದೇ. ಟಿ.ವಿ. ಇಲ್ಲದೆ ಅದು ನಡೆಯುವುದಿಲ್ಲವೆಂದು ಗೊತ್ತಿತ್ತು; ಹಿಂದೆ ನಾಲ್ಕಾರು ಸಲ ಹಾಕಿ ಸೋತಿದ್ದೆ. ಆದರೂ, ಸುಮ್ಮನೆ ಕೂತಿರಲಾರದೆ, ಸರ್ವರಿನಿಂದ ರಿಸೀವರಿಗೆ ಚುಚ್ಚಿದೆ.

ಹಾಡಿತು. ನಾವಿಬ್ಬರೂ ಯಾವುದೋ ರಾಮೋತ್ಸವದ ಪೆಂಡಾಲಿನಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಕಾಂಬೋದಿ ಆಲಾಪನೆ. ಮಧ್ಯೆ ಒಂದು ಕಡೆ ನಾಗರಾಜನ ದನಿ, "ಕಾಲು ತೆಗಿಯೋ, ವೈರ್ ತುಳೀತಿದೀಯ" ಎಂದು ಪಿಸುಗುಟ್ಟುತ್ತದೆ. ಅದು ಮೊದಲಿನಿಂದಲೂ ಅದರಲ್ಲಿದ್ದದ್ದೇ, ಅದರಲ್ಲಿ ವಿಚಿತ್ರವೇನಿಲ್ಲ. ನಾನು ರಿಸೀವರಿನ ಹಿಂದೆ ಬಗ್ಗಿ ನೋಡಿದೆ. ಟಿ.ವಿ.ಗೆ ಹೋಗಬೇಕಾದ ತೂತು ಖಾಲಿ. ಬೆರಳಿಟ್ಟು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸರ್ವರಿನ ದಾಖಲೆ ತೆರೆದರೆ, ನಾಲ್ಕು ಗಂಟೆ ಮೂರು ನಿಮಿಷಕ್ಕೆ ಒಂದು ಟಿ.ವಿ. ಸೇರಿಕೊಂಡಿದೆ ಎಂದಿತ್ತು. ತಯಾರಕರ ಹೆಸರಿತ್ತು, ಒಂದೊಂದು ಸೆಟ್ಟಿಗೂ ಬೇರೆಯಾಗಿರುವ ಉದ್ದನೆಯ ನಂಬರಿತ್ತು. ನಂಬರನ್ನು ಬರೆದುಕೊಂಡೆ. ಐದಕ್ಕೆ ಸರಿಯಾಗಿ ಎನ್ನಲಾರೆ, ಐದರ ಆಸುಪಾಸಿನಲ್ಲಿ ಶಬ್ದ ನಿಂತಿತು. ಟಿ.ವಿ. ಹೊರಟುಹೋಯಿತು ಎಂದು ದಾಖಲೆಯಲ್ಲಿ ಇನ್ನೊಂದು ಸಾಲು ಬಂತು. ಮತ್ತೆ ಎಷ್ಟು ಸಲ ಕಿತ್ತು ಚುಚ್ಚಿದರೂ ಹಾಡಲಿಲ್ಲ.

ನನ್ನ ಮನೆಗೆ ಬಂದ ಟಿ.ವಿ. ಒಂದೇ. ಅದರ ಹೆಸರನ್ನು ರಿಸೀವರು ಎಲ್ಲೋ ನೆನಪಿನಲ್ಲಿಟ್ಟುಕೊಂಡಿರಬೇಕು ಎಂದು ತೀರ್ಮಾನಿಸಿದೆ. ಖಚಿತಪಡಿಸಿಕೊಳ್ಳಲು ಮರುದಿನ ಸಂಜೆ ಮಾವಳ್ಳಿಗೆ ಹೋದೆ. ನಿಜ ಹೇಳಬೇಕೆಂದರೆ, ಹೋಗಲು ನನಗೊಂದು ನೆಪ ಸಿಕ್ಕಿತ್ತು.

ಬಾಗಿಲು ತೆಗೆದದ್ದು ಅವನ ಹೆಂಡತಿ ವಿಶಾಲಾಕ್ಷಮ್ಮ. "ಈಗ ಬಂದ್ರಾ ಮೇಷ್ಟ್ರೇ" ಎಂದರು, ಅಷ್ಟೇ. ತಿಂಗಳ ಹಿಂದೆ ನಾಗರಾಜನಿಗೆ ಲಕ್ವ ಹೊಡೆದಿತ್ತು. ಬಲಭಾಗ ಹೋಗಿತ್ತು, ಮಾತು ಹೋಗಿತ್ತು. ಮಂಚದ ಮೇಲೆ ದಿಂಬಿಗೊರಗಿಸಿ ಕೂರಿಸಿದ್ದರು, ಎದುರಿಗೆ ಟಿ.ವಿ. ನಾನೇನೂ ಕೇಳದಿದ್ದರೂ ಆಕೆ ಹೇಳಿದರು: "ನಿನ್ನೆ ನಾಲ್ಕು ಗಂಟೆಗೆ ಅದೇನು ಹಟ ಅಂತೀರಾ! ಮಂಚ ಬಡಿದೂ ಬಡಿದೂ ಟಿ.ವಿ. ಹಾಕಿಸ್ಕೊಂಡ್ರು. ಹಾಕಿದ್ರೆ ಸೌಂಡು ಬೇಡ್ವಂತೆ. ಒಂದು ಗಂಟೆ ಸುಮ್ನೆ ನೋಡ್ತಾ ಕೂತಿದ್ರು." ಅವರು ಕಾಫಿಗೆ ಒಳಗೆ ಹೋದರು.

ನಾನಾಗ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಗೆಳೆಯನ ಕೈ ಹಿಡಿಯುವ ಮೊದಲು ಟಿ.ವಿ.ಯ ಹಿಂದೆ ಬಗ್ಗಿ, ಅಲ್ಲಿ ಅಂಟಿಸಿದ್ದ ಚೀಟಿಯ ಮೇಲಿನ ನಂಬರನ್ನು ನನ್ನ ಕಾಗದಕ್ಕೆ ಹೋಲಿಸಿ ನೋಡಿದೆ. ಒಂದಂಕಿಯೂ ತಪ್ಪಿರಲಿಲ್ಲ. ತಿರುಗಿದರೆ ನಾಗರಾಜ ನನ್ನನ್ನೇ ನೋಡುತ್ತಿದ್ದ. ಟವೆಲ್ ಬಿಚ್ಚಿದಾಗ ನೋಡಿದ ಹಾಗೆಯೇ.

"ತಪ್ಪಾಯ್ತು ಕಣೋ" ಎಂದೆ. ಅವನು ಎಡಗೈಯಲ್ಲಿ ನನ್ನ ಅಂಗಿಯ ಗುಂಡಿ ಹಿಡಿದು ಎಳೆದ. ಹತ್ತಿರ ಕೂತ್ಕೋ ಎಂದೋ, ಎದ್ದು ಹೋಗು ಎಂದೋ, ನನಗೆ ತಿಳಿಯಲಿಲ್ಲ. ಕೂತೆ. ಮುಂದಿನ ಭಾನುವಾರಗಳಲ್ಲೂ ನಾಲ್ಕಕ್ಕೆ ಹೋಗಿ ಕೂತೆ. ಚಿಕ್ಕದೊಂದು ಪ್ಲೇಯರಿನಲ್ಲಿ ಹಾಡು ತುಂಬಿಕೊಂಡು ಹೋಗುತ್ತಿದ್ದೆ. ಕೇಳಿದನೋ ಇಲ್ಲವೋ, ಹೇಳುವ ಬಾಯಿ ಅವನಿಗಿರಲಿಲ್ಲ. ನನ್ನನ್ನು ಕ್ಷಮಿಸಿದನೇ ಎಂಬುದೂ ಗೊತ್ತಿಲ್ಲ. ಐದು ತಿಂಗಳಿಗೆ ಹೋಗಿಬಿಟ್ಟ.

ರಿಸೀವರಿನ ನೆನಪು ಎಂಬ ವಿವರಣೆಯನ್ನು ಹಿಡಿದುಕೊಂಡು ನಾನು ನೆಮ್ಮದಿಯಾಗಿಯೇ ಇದ್ದೆ. ವೈಕುಂಠ ಸಮಾರಾಧನೆ ಕಳೆದ ಮೇಲೆ ವಿಶಾಲಾಕ್ಷಮ್ಮ ಮನೆಯ ಕಾಗದಪತ್ರ ವಿಂಗಡಿಸಿಕೊಡಿ ಎಂದು ಒಂದು ಟ್ರಂಕು ಮುಂದಿಟ್ಟರು. ಅದರಲ್ಲಿ ಆ ಟಿ.ವಿ.ಯ ವಾರಂಟಿ ಕಾರ್ಡು ಸಿಕ್ಕಿತು. ಅದೇ ನಂಬರು. ಕೊಂಡ ದಿನಾಂಕದ ಮೇಲೆ ಅಂಗಡಿಯ ಮೊಹರಿತ್ತು. ದಿನಾಂಕವನ್ನು ಎರಡು ಸಲ ಓದಿ, ಆಟೊದಲ್ಲಿ ನಮ್ಮ ಮನೆಗೆ ತಂದಿದ್ದ ಟಿ.ವಿ. ಯಾವುದು ಎಂದು ಕೇಳಿದೆ. "ಅದಾ? ಅವತ್ತು ನಿಮ್ಮನೆಯಿಂದ ತಂದವ್ರು ಮತ್ತೆ ಹಾಕೋಕೇ ಬಿಡ್ಲಿಲ್ಲ. ಓಕಳಿಪುರದಲ್ಲಿ ನಮ್ಮಣ್ಣನಿಗೆ ಕೊಟ್ಬಿಟ್ರು. ಆಮೇಲೆ ಇದನ್ನ ತಗೊಂಡಿದ್ದು" ಎಂದರು.

ನನಗೆ ಎಲ್ಲ ಟಿ.ವಿ.ಗಳೂ ಒಂದೇ ಥರ ಕಾಣುತ್ತವೆ. ಓಕಳಿಪುರಕ್ಕೆ ಹೋಗಿ ಹಳೆಯದರ ನಂಬರನ್ನೂ ನೋಡಿಬಂದೆ, ಅದು ಬೇರೆ. ಹೇಗೆ ಎಂಬುದಕ್ಕೆ ಇನ್ನೊಂದು ವಿವರಣೆ ಕಟ್ಟಿಕೊಳ್ಳುವ ಧೈರ್ಯ ನನಗಿಲ್ಲ. ನನ್ನ ನೆನಪನ್ನು ನೀವು ನಂಬಬೇಕಾಗಿಲ್ಲ. ಆದರೆ ವಾರಂಟಿ ಕಾರ್ಡಿನ ಪ್ರಕಾರ, ಮಾವಳ್ಳಿಯ ಆ ಟಿ.ವಿ.ಯನ್ನು ಕೊಂಡದ್ದು ನಾಗರಾಜ ನನ್ನ ಮನೆಯಿಂದ ಎದ್ದುಹೋದ ಆರು ವಾರಗಳ ನಂತರ.