ಎಕ್ಸ್‌ರೇ ಬಸ್ಸಿನ ಹೊಗೆ ಕೊಳವೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿದ್ದೆ. ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದ ವಾಹನಗಳಲ್ಲಿ ಒಂದು ಎಕ್ಸ್‌ರೇ ಬಸ್ಸು. ಒಂದು ಧರ್ಮಾರ್ಥ ಸಂಸ್ಥೆಯವರು ಹಳೆಯ ಬಸ್ಸಿನ ಸೀಟುಗಳನ್ನು ಕಿತ್ತುಹಾಕಿ ಒಳಗೆ ಎಕ್ಸ್‌ರೇ ಯಂತ್ರ, ಫಿಲ್ಮ್ ತೊಳೆಯುವ ಕತ್ತಲೆ ಕೋಣೆ, ದಣಿದರೆ ಒರಗಲು ಎರಡು ಬೆಂಚು ಎಲ್ಲ ಮಾಡಿಸಿದ್ದರು. ಕೂಲಿಕಾರರಲ್ಲಿ ಕ್ಷಯ ಇದೆಯೇ ಎಂದು ನೋಡಲು ಅದು ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುತ್ತಿತ್ತು. ಕರೆಂಟಿಗೆ ಹಿಂಭಾಗದ ಗೂಡಿನಲ್ಲಿ ಪೆಟ್ರೋಲ್ ಜನರೇಟರ್ ಇತ್ತು.

ಬಸ್ಸಿನಲ್ಲಿ ಇರುತ್ತಿದ್ದವರು ಇಬ್ಬರು. ಡ್ರೈವರು ಬೆಳ್ಳಂದೂರಿನ ರೈತರ ಮನೆಯವರು. ನನಗಿಂತ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಎಕ್ಸ್‌ರೇ ತೆಗೆಯುತ್ತಿದ್ದಾಕೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಆಕೆಗೆ ಮೂವತ್ತರ ಆಸುಪಾಸು. ಸಾಲಿನಲ್ಲಿ ನಿಂತ ಹೆಂಗಸರು ನಾಚಿಕೊಂಡರೆ ಏನೋ ತಮಾಷೆ ಮಾಡಿ ನಗಿಸುತ್ತಿದ್ದರು.

ನನ್ನ ಕೆಲಸ ಒಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ಆಯಿಲ್, ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಪೈಪು. ಕೊನೆಯ ಸಾಲು ಹೊಗೆ ಕೊಳವೆ. ಅದನ್ನು ನೋಡಲು ಬಸ್ಸಿನ ಅಡಿ ಮಲಗಬೇಕು. ಟಾರ್ಚ್ ಹಿಡಿದು ಪ್ರತಿ ಜೋಡಣೆಯ ಸುತ್ತ ಮಸಿ ಇದೆಯೇ ಎಂದು ನೋಡಬೇಕು. ಆಮೇಲೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ, ಕೊಳವೆ ಬಿಸಿಯಾಗುವ ಮುಂಚೆಯೇ ಸೋಪಿನ ನೀರು ಸವರಬೇಕು. ಗುಳ್ಳೆ ಎದ್ದರೆ ಹೊಗೆ ಸೋರುತ್ತಿದೆ ಎಂದರ್ಥ.

ಆ ದಿನ ಬೆಳಿಗ್ಗೆ ಮಳೆ ಬಂದು ಅಂಗಳವೆಲ್ಲ ಕೆಂಪು ಕೆಸರಾಗಿತ್ತು. ಮಧ್ಯಾಹ್ನ ನಾನು ಹೆಣ್ಣು ನೋಡಲು ಹೋಗಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡೇ ಕೆಲಸಕ್ಕೆ ಬಂದಿದ್ದೆ.

ಮೇಡಂ ಬಸ್ಸಿನಿಂದಿಳಿದು ನೇರ ನನ್ನ ಹತ್ತಿರ ಬಂದರು. "ಮಧ್ಯಾಹ್ನ ಆಗ್ತಿದ್ದಂಗೆ ತಲೆ ಸಿಡಿಯುತ್ತೆ ಕಣ್ರೀ. ಹೊರಗೆ ಬಂದು ನಿಂತ್ರೆ ಸರಿಹೋಗುತ್ತೆ. ಜನರೇಟರ್ ಹೊಗೆ ಏನಾದ್ರೂ ಒಳಗೆ ಬರ್ತಿದೆಯಾ, ಸ್ವಲ್ಪ ನೋಡಿ."

"ಹೊಗೆ ಬಂದ್ರೆ ಕಣ್ಣಿಗೆ ಕಾಣಲ್ವಾ ಮೇಡಂ? ಕತ್ತಲೆ ಕೋಣೇಲಿ ಫಿಲ್ಮ್ ತೊಳೀತೀರಲ್ಲ, ಆ ಕೆಮಿಕಲ್ಲೇ ಇರ್ಬೇಕು," ಎಂದೆ.

ಆಕೆ ನಂಬಿದರು. ಹೊಗೆಯಲ್ಲಿ ಕಣ್ಣಿಗೆ ಕಾಣದ ವಿಷವೇ ಹೆಚ್ಚು ಅಪಾಯಕಾರಿ ಎಂದು ನನಗೆ ಗೊತ್ತಿತ್ತು. ನನಗೆ ಕೆಲಸ ಕಲಿಸಿದವರು ಮೊದಲ ವಾರವೇ ಹೇಳಿದ್ದ ಮಾತು ಅದು. ಬಸ್ಸಿನ ಅಡಿ ಮಲಗದೆಯೇ ಕೊನೆಯ ಸಾಲಿಗೆ ಟಿಕ್ ಹಾಕಿ, ಸಹಿ ಮಾಡಿ, ಕಾರ್ಡನ್ನು ಡ್ರೈವರಣ್ಣನ ಕೈಗೆ ಕೊಟ್ಟೆ.

ನಾಲ್ಕನೇ ದಿನ ಬಸ್ಸು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿತ್ತು. ಊಟದ ಬಿಡುವಿನ ಹೊತ್ತಿಗೆ ಸಾಲಿನಲ್ಲಿದ್ದ ಹೆಂಗಸರು ಬಾಗಿಲು ಬಡಿದರೆ ಉತ್ತರವಿಲ್ಲ. ಡ್ರೈವರಣ್ಣ ಬಾಗಿಲು ಎಳೆದು ನೋಡಿದಾಗ ಮೇಡಂ ಕತ್ತಲೆ ಕೋಣೆಯ ನೆಲದ ಮೇಲೆ ಬಿದ್ದಿದ್ದರು. ಆತ ಎತ್ತಿ ಹೊರಗೆ ತಂದು, ಕಾರ್ಖಾನೆಯ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು.

ಮರುದಿನ ಬಸ್ಸು ನಮ್ಮಲ್ಲಿಗೇ ಬಂತು. ಆಗ ಬಸ್ಸಿನ ಅಡಿ ನುಗ್ಗಿದೆ. ಕೊಳವೆಯ ಜೋಡಣೆಯಲ್ಲಿ ಬೆರಳುದ್ದದ ಸೀಳು. ಅದರ ನೇರ ಮೇಲೆ, ವೈರು ಕತ್ತಲೆ ಕೋಣೆಗೆ ಹೋಗಲು ನೆಲದಲ್ಲಿದ್ದ ತೂತಿನ ರಬ್ಬರು ಕೊಳೆತು ಉದುರಿತ್ತು. ಸೀಳಿನ ಸುತ್ತ ಮಸಿ ದಪ್ಪಗೆ ಕಟ್ಟಿತ್ತು. ನಾಲ್ಕು ದಿನದಲ್ಲಿ ಅಷ್ಟು ಮಸಿ ಕಟ್ಟುವುದಿಲ್ಲ.

ಹೊರಗೆ ನಮ್ಮ ಮಾಲೀಕರೂ ಸಂಸ್ಥೆಯ ಕಾರ್ಯದರ್ಶಿಯೂ ನಿಂತಿದ್ದರು. "ಹೋದ ಸಲ ಇದನ್ನ ನೋಡಿದ್ಯೇನೋ?" ಎಂದು ಮಾಲೀಕರು ಕೇಳಿದರು.

"ನೋಡಿದ್ದೆ ಸಾರ್. ಆಗ ಚೆನ್ನಾಗಿತ್ತು. ದಾರೀಲಿ ಏಟು ಬಿದ್ದಿರ್ಬೇಕು."

ಪಕ್ಕದಲ್ಲಿದ್ದ ಡ್ರೈವರಣ್ಣ ತಲೆ ತಗ್ಗಿಸಿದರು. "ಇರ್ಬೌದು ಸಾರ್. ಒಂದ್ಕಡೆ ಗುಂಡಿಗೆ ಇಳಿಸ್ದೆ. ನೆರಳಿಗೇಂತ ಬಸ್ಸಿನ ಇಂದ್ಗಡೆ ಗ್ವಾಡೆಗೆ ಒತ್ತಿ ನಿಲ್ಸಿದ್ದೂ ನಾನೇಯ."

ಆತ ಆ ಮಾತನ್ನು ಮನಸಾರೆ ನಂಬಿಯೇ ಹೇಳಿದ್ದು. ನಾನು ಬಾಯಿ ಬಿಡಲಿಲ್ಲ. ಆ ವಾರವೇ ಆತನನ್ನು ಕೆಲಸದಿಂದ ತೆಗೆದರು.

ನೋಡಲು ಹೋಗಿದ್ದ ಹುಡುಗಿಯ ಜೊತೆಗೇ ನನ್ನ ಮದುವೆಯಾಯಿತು. ಆರು ತಿಂಗಳ ಮೇಲೆ ಅವಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳು, "ನನ್ ಹತ್ರ ಹೇಳಿ ಏನ್ರೀ ಪ್ರಯೋಜನ?" ಎಂದಳು.

ಆ ಭಾನುವಾರ ಬೆಳ್ಳಂದೂರಿಗೆ ಹೋದೆ. ಡ್ರೈವರಣ್ಣ ಕೆರೆಯ ಹಿಂದಿನ ಹೊಲದಲ್ಲಿ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದರು. ನಿಂತೇ ಹೇಳಿದೆ. ಆತ ಕೈಯಲ್ಲಿದ್ದ ಕಟ್ಟು ಮುಗಿಸಿ ಪಕ್ಕಕ್ಕಿಟ್ಟರು.

"ಆಯಮ್ಮನ್ನ ನಾನೇ ಸಾಯಿಸ್ಬಿಡ್ತಿದ್ದೆ ಅಂತ ಇಷ್ಟ್ ದಿನ ಸರಿಯಾಗಿ ಉಂಡಿಲ್ಲ ತಮ್ಮ," ಎಂದರು. "ಆವತ್ತೇ ಯೋಳ್ಬೇಕಾಗಿತ್ತು. ಓಗು, ಆಯಮ್ಮಂಗೂ ಯೋಳು," ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಕೂರು ಎನ್ನಲಿಲ್ಲ.

ಸೋಮವಾರ ಮಾಲೀಕರಿಗೆ ಹೇಳಿದೆ. ನನ್ನನ್ನು ತಪಾಸಣೆಯಿಂದ ತೆಗೆದು ಬಿಡಿಭಾಗ ತೊಳೆಯಲು ಹಾಕಿದರು. ಸಂಸ್ಥೆಯವರು ಡ್ರೈವರಣ್ಣನಿಗೆ ಕೆಲಸಕ್ಕೆ ವಾಪಸ್ ಬರುವಂತೆ ಹೇಳಿ ಕಳಿಸಿದರಂತೆ, ಆತ ಹೋಗಲಿಲ್ಲ.

ಮೇಡಂ ಮನೆಯ ವಿಳಾಸವನ್ನು ಕಾರ್ಯದರ್ಶಿಯೇ ಬರೆದುಕೊಟ್ಟರು. ಒಂದು ಸಂಜೆ ಅವರ ಬೀದಿಯವರೆಗೂ ಹೋದೆ. ಆಕೆ ಮನೆ ಮುಂದೆ ಬಟ್ಟೆ ಒಣಹಾಕುತ್ತಿದ್ದರು. ಕೈ ನಡುಗುತ್ತಿತ್ತು, ಒಂದೇ ಸೀರೆಯನ್ನು ಹಗ್ಗದ ಮೇಲೆ ಹಾಕಲು ಮೂರು ಸಲ ಪ್ರಯತ್ನಿಸಿದರು. ಎದುರುಮನೆಯ ಹೆಂಗಸು ನನ್ನನ್ನು ನೋಡಿ, "ಯಾರು ಬೇಕಿತ್ತು ಸಾರ್?" ಎಂದಳು.

"ಯಾರೂ ಇಲ್ಲ ಅಕ್ಕ, ದಾರಿ ತಪ್ತು," ಎಂದು ಹೇಳಿ ಬಸ್‌ಸ್ಟಾಪಿನ ಕಡೆ ನಡೆದೆ.