ರಕ್ತಕ್ಕೆ ಥಿನ್ನರ್

ಜೀವನ್ ಬಿಮಾ ನಗರದ ಒಂದು ಅಡ್ಡರಸ್ತೆಯ ತಿರುವಿನಲ್ಲಿ ನನ್ನ ಇಸ್ತ್ರಿ ಗಾಡಿ ಇತ್ತು. ಇದ್ದಿಲು ತುಂಬಿದ ಪೆಟ್ಟಿಗೆ ಎಳೆದು ಎಳೆದು ಬಲ ಭುಜ ಹಿಡಿದುಕೊಂಡಿತು. ಜಡೆ ಹೆಣೆದುಕೊಳ್ಳಲು ಆಗಲಿಲ್ಲ, ರವಿಕೆ ತೋಳಿಗೆ ಕೈ ತೂರಿಸಲು ಆಗಲಿಲ್ಲ. ಅದೆಲ್ಲ ಹೇಗೋ ನಡೆಯುತ್ತಿತ್ತು. ಪೆಟ್ಟಿಗೆ ಎತ್ತಲಾಗದಿದ್ದರೆ ಮಾತ್ರ ಗಾಡಿ ಬಿಡಬೇಕು. ಬಿಟ್ಟರೆ ಆ ಜಾಗಕ್ಕೆ ಮರುದಿನವೇ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಹೊಟ್ಟೆ ಉರಿಯುತ್ತಿತ್ತು.

ಬಟ್ಟೆ ಕೊಡುವ ಮನೆಯ ಮೇಡಂ ಒಬ್ಬರು ಇಂದಿರಾನಗರದಲ್ಲಿ ಸೂಜಿ ಚಿಕಿತ್ಸೆ ಮಾಡುವ ಡಾಕ್ಟರಮ್ಮನ ಹತ್ತಿರ ಹೋಗು ಎಂದರು. ಸೂಜಿ ಎಂದರೆ ನಮಗೆ ಇಂಜೆಕ್ಷನ್ನೇ. ಒಂದು ಹಾಕಿಸಿಕೊಂಡು ಬಂದರಾಯಿತು ಎಂದುಕೊಂಡೆ. ಮರ್ಫಿ ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದ ನಾದಿನಿ ಕೇಳಿಸಿಕೊಂಡು ಕೂಗಾಡಿದಳು.

“ಔಷಧಿನೇ ಇರಲ್ವಂತೆ ಅತ್ತಿಗೆ, ಬರೀ ಸೂಜಿ! ಬಟ್ಟೆ ಹೊಲಿದಂಗೆ ಹೊಲೀತಾರೆ. ಒಬ್ರಿಗೆ ಚುಚ್ಚಿದ್ದನ್ನೇ ಇನ್ನೊಬ್ರಿಗೆ ಚುಚ್ಚಿ ಇಲ್ಲದ ಕಾಯಿಲೆ ಅಂಟಿಸ್ಬಿಡ್ತಾರೆ.”

“ಹಂಗಾದ್ರೆ ನೀನೂ ಬಾ, ಕಾವಲು ಕೂತ್ಕೋ.”

ಬಂದೇಬಿಟ್ಟಳು.

ಡಾಕ್ಟರಮ್ಮ ಕೈಯನ್ನು ಮೇಲಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಎತ್ತಿ ನೋಡಿದರು. ಆಮೇಲೆ ಕೂತು ಒಂದೊಂದೇ ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ, ತಲೆ ಸುತ್ತಿ ಬಿದ್ದಿದ್ದೀರಾ, ಹೀಗೆ.

“ಬ್ಲಡ್ ಥಿನ್ನರ್ ತಗೋತೀರಾಮ್ಮಾ?”

ನನ್ನ ಗಂಡ ಪೇಂಟಿಂಗ್ ಕೆಲಸದವರು. ನಮ್ಮ ಮಂಚದ ಕೆಳಗೆ ಯಾವಾಗಲೂ ಥಿನ್ನರ್ ಡಬ್ಬ. ಅದರ ನಾತದಲ್ಲೇ ನಾವು ಉಂಡು ಮಲಗಿದವರು.

“ಥಿನ್ನರ್ ಮನೇಲಿದೆ ಮೇಡಂ, ನಮ್ಮೋರು ಬ್ರಷ್ ತೊಳ್ಯೋಕೆ. ಅದನ್ನ ಯಾರಾದ್ರೂ ಕುಡೀತಾರಾ?”

“ಅಣ್ಣ ಇನ್ನೆಲ್ಲಾ ಕುಡ್ದಿದಾನೆ, ಅದೊಂದು ಬಿಟ್ಟು,” ಎಂದಳು ನಾದಿನಿ.

ಡಾಕ್ಟರಮ್ಮ ನಕ್ಕರು. ನಗುತ್ತಾ ಬರೆಯಲು ಹೋದವರು ಪೆನ್ನು ತಡೆದರು. “ರಕ್ತ ತೆಳು ಮಾಡೋ ಮಾತ್ರೆ ಅಮ್ಮಾ. ಹಾರ್ಟಿಗೆ ಏನಾದ್ರೂ ಕೊಟ್ಟಿದಾರಾ?”

“ಕೊಟ್ಟಿದಾರೆ. ದಿನಾ ನುಂಗ್ತೀನಿ.”

“ಮತ್ತೆ ಇಲ್ಲ ಅಂದ್ರಲ್ಲ!”

“ನೀವು ಮಾತ್ರೆ ಅಂತ ಎಲ್ಲಿ ಕೇಳಿದ್ರಿ?”

ಸೊಂಟದ ಚೀಲದಿಂದ ಮಾತ್ರೆ ತೆಗೆದು ಕೊಟ್ಟೆ. ಓದಿ, ಸೂಜಿಯ ಪಾಕೀಟನ್ನು ಪಕ್ಕಕ್ಕಿಟ್ಟರು. ಈ ಮಾತ್ರೆ ನುಂಗುವವರಿಗೆ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಕೊಟ್ಟ ಡಾಕ್ಟರನ್ನು ಕೇಳದೆ ಚುಚ್ಚುವುದಿಲ್ಲ ಎಂದರು. ಗಾಡಿ ಮುಚ್ಚಿ ಬಂದಿದ್ದ ನನಗೆ ಸಿಟ್ಟು ಬಂತು.

“ಮಾತ್ರೆನೇ ಬಿಟ್ಬಿಡ್ತೀನಿ. ಇವತ್ತೇ ಚುಚ್ಚಿ.”

“ಬಿಟ್ರೆ ಭುಜದ ಮಾತಿರ್ಲಿ, ಜೀವಕ್ಕೇ ಕುತ್ತು ಬರುತ್ತೆ. ಇದನ್ನ ಬಿಡ್ಬೇಡಿ. ಅಂಗಡಿ ನೋವಿನ ಮಾತ್ರೆ ಬಿಡಿ, ಇದರ ಜೊತೆ ಅದು ಆಗಲ್ಲ.”

ಹಾರ್ಟ್ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹುಷಾರಾಗಿ ಮಾಡಬಹುದು ಎಂದರು. ಮತ್ತೆ ಹೋದೆವು. ನಾದಿನಿ ಪಾಕೀಟನ್ನು ತಿರುಗಿಸಿ ತಿರುಗಿಸಿ ನೋಡಿ, ಸೀಲು ಸರಿಯಾಗಿದೆ ಎಂದ ಮೇಲೇ ಡಾಕ್ಟರಮ್ಮ ಅದನ್ನು ಒಡೆದರು. ಸೂಜಿ ಕೂದಲಿನಷ್ಟು ಸಣ್ಣ.

“ಎಷ್ಟು ಆಳ ಇಳಿಸ್ತೀರಾ?” ನಾದಿನಿ ಕೇಳಿದಳು.

“ಇಲ್ಲಿ ಕೆಳಗಡೆ ಶ್ವಾಸಕೋಶ ಇದೆಯಮ್ಮ. ಅದಕ್ಕೇ ಮೇಲ್ಮೇಲೆ, ಓರೆಯಾಗಿ.”

ಹೊಕ್ಕಾಗ ಇರುವೆ ಕಚ್ಚಿದಂತಾಯಿತು. ಆಮೇಲೆ ಒಳಗಡೆ ಯಾರೋ ಹೆಬ್ಬೆರಳಲ್ಲಿ ಒತ್ತಿ ಹಿಡಿದಂತೆ ಭಾರ. ಅಲ್ಲಾಡದೆ ಮಲಗಿದ್ದೆ. ಎದ್ದಾಗ ತಲೆ ಸ್ವಲ್ಪ ತಿರುಗಿತು. ಶುಕ್ರವಾರದ ಉಪವಾಸ ಎಂದಾಗ ಡಾಕ್ಟರಮ್ಮ ಮತ್ತೆ ಮಲಗಿಸಿ, ಇನ್ನು ಮೇಲೆ ಉಂಡು ಬನ್ನಿ ಎಂದು ಗದರಿದರು. ಚುಚ್ಚಿದ ಕಡೆ ಹತ್ತಿ ಒತ್ತಿ ಬಹಳ ಹೊತ್ತು ಹಿಡಿದಿದ್ದರು. ಒಂದು ಕಡೆ ಮಾತ್ರ ನೇರಳೆ ಹಣ್ಣಿನಂತೆ ಕಪ್ಪಾಯಿತು, ಕೆಲವು ದಿನ ಇದ್ದು ಹೋಯಿತು.

ಭುಜ ಹಾಗೇ ಇತ್ತು. ಒಂದು ಸಲಕ್ಕೆ ಏನೂ ಕಾಣಲ್ಲ, ಕೆಲವು ವಾರ ನೋಡೋಣ, ಆಗದಿದ್ದರೆ ನಾನೇ ಬೇಡ ಅಂತೀನಿ ಎಂದಿದ್ದರು ಡಾಕ್ಟರಮ್ಮ. ಮನೆಯಲ್ಲಿ ಗೋಡೆಯ ಮೇಲೆ ಬಲಗೈ ಬೆರಳನ್ನು ಮೇಲಕ್ಕೆ ಹತ್ತಿಸುತ್ತಾ ಹೋಗಲು ಹೇಳಿಕೊಟ್ಟಿದ್ದರು. ಬೆರಳು ನಿಂತ ಕಡೆ ನನ್ನ ಗಂಡ ಒಂದು ಚುಕ್ಕೆ ಬಣ್ಣ ಇಟ್ಟರು. ಚುಕ್ಕೆಗಳು ಬಹಳ ನಿಧಾನವಾಗಿ ಮೇಲೆ ಹೋದವು. ಕೆಲವು ವಾರ ಹೋಗಲೇ ಇಲ್ಲ. ಅಷ್ಟು ದಿನವೂ ನಾನು ಪೆಟ್ಟಿಗೆ ಎತ್ತಲಿಲ್ಲ, ಗಾಡಿಯ ಹತ್ತಿರ ನಾದಿನಿ ಕೂತು ಜಾಗ ಕಾಯ್ದಳು.

ಈಗಲೂ ಜನ ಕೇಳುತ್ತಾರೆ, ಸೂಜಿಯಿಂದಲೇ ವಾಸಿಯಾಯಿತಾ ಎಂದು. ನನಗೆ ಗೊತ್ತಿಲ್ಲ. ಸೂಜಿಯೂ ಇತ್ತು, ಗೋಡೆಯೂ ಇತ್ತು, ಇಸ್ತ್ರಿಗೆ ಬಿಡುವೂ ಇತ್ತು. ಯಾವ ಮಾತ್ರೆ ನುಂಗುತ್ತೀರೋ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅವರು ಯಾವ ಭಾಷೆಯಲ್ಲಾದರೂ ಕೇಳಲಿ ಎನ್ನುತ್ತೇನೆ.

ಪೆಟ್ಟಿಗೆಗೆ ಅರ್ಧ ಇದ್ದಿಲು ಹಾಕಿ ಗಾಡಿ ಮತ್ತೆ ತೆಗೆದೆ. ಅಷ್ಟರಲ್ಲಿ ಮನೆ ಓನರು ಗೋಡೆಯ ಚುಕ್ಕೆಗಳನ್ನು ನೋಡಿ ಬೈದು ಹೋಗಿದ್ದ. ನನ್ನ ಗಂಡ ಬಟ್ಟೆಗೆ ಥಿನ್ನರ್ ಸುರಿದುಕೊಂಡು ಒರೆಸಲು ಬಂದರು. ನಾನೇ ಇಸಿದುಕೊಂಡು, ಬಲಗೈಯಲ್ಲಿ, ಕೆಳಗಿನ ಚುಕ್ಕೆಯಿಂದ ಮೇಲಿನದರವರೆಗೂ ಒರೆಸಿದೆ.